ಪಂಚಮಿಯ ಜೋಕಾಲಿಯಲ್ಲೊಂದು ಪಾಠ

ನಾನು ಕಲಾವಿಭಾಗದ ವಿದ್ಯಾರ್ಥಿ. ಪದಾರ್ಥವಿಜ್ಞಾನವೆಂದರೆ ಬೀಗ ಹಾಕಿದ ಕಪಾಟೆಂದೇ ಶಾಲೆಯಲ್ಲಿ ಭಾವಿಸಿದ್ದೆನು. ಈ ಸಲದ ನಾಗರ ಪಂಚಮಿಗೆ ಕೌಜಲಗಿಯಲ್ಲಿ, ಓಣಿಯ ಹುಡುಗರೊಡನೆ ಆ ಬೀಗ ತೆರೆಯಿತು.

ಮೊಬೈಲಿನೊಳಗೆ ತಿರುಗುವ ವೇಗವನ್ನು ಅಳೆಯುವ ಸೂಕ್ಷ್ಮ ಸಂವೇದಕವುಂಟು. ಜರ್ಮನಿಯ ಆಖೆನ್ ನಗರದ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ‘ಫೈಫಾಕ್ಸ್’ ಎಂಬ ಉಚಿತ ಆ್ಯಪ್ ಆ ಅಳತೆಯನ್ನು ಗೆರೆಯಾಗಿ ಬರೆದು ತೋರಿಸುತ್ತದೆ.

ಯಾರೂ ಕೂಡದ ಜೋಕಾಲಿಯ ಮಣೆಗೆ ಮೊಬೈಲನ್ನು ಬಿಗಿದೆವು. ಕೊಂಬೆಯಿಂದ ಮಣೆಗೆ 4 ಮೀಟರು. ಜೋರಾಗಿ ನೂಕಿದೆವು, 10 ಸಲ ಹೋಗಿ ಬರಲು 42 ಸೆಕೆಂಡು ಹಿಡಿಯಿತು. ಉದ್ದವನ್ನು 39.5ರಿಂದ ಗುಣಿಸಿ, ಒಂದು ಸಲದ ಕಾಲದ ವರ್ಗದಿಂದ ಭಾಗಿಸಿದರೆ ಗುರುತ್ವ ವೇಗೋತ್ಕರ್ಷವು ದೊರೆಯಬೇಕು. ಬಂದದ್ದು 9, ಬರಬೇಕಾದದ್ದು 9.8. ಮೊಬೈಲೇ ಸುಳ್ಳೆಂದರು ಹುಡುಗರು. ತಪ್ಪು ನಮ್ಮದು: ಈ ಸೂತ್ರವು ಸಣ್ಣ ತೂಗಾಟಕ್ಕೆ ಮಾತ್ರ ಸಲ್ಲುತ್ತದೆ; ದೊಡ್ಡದಕ್ಕೆ ಹೆಚ್ಚು ಕಾಲ ಬೇಕು. ಮೆಲ್ಲಗೆ ತೂಗಿದಾಗ 40 ಸೆಕೆಂಡು, ಉತ್ತರ 9.9!

ಮೇಜಿನ ಮೇಲೆ ಸುಮ್ಮನಿಟ್ಟರೂ ಮೊಬೈಲು 9.8ರ ಆಸುಪಾಸನ್ನೇ ತೋರಿಸುತ್ತದೆ. ಆದರೆ ಕೊಟ್ಟ ಸಂಖ್ಯೆಗೂ ದುಡಿದು ಪಡೆದ ಸಂಖ್ಯೆಗೂ ಅಂತರವುಂಟು. ನಾಳೆ ಶಿಕ್ಷಕರಾಗಲಿರುವ ಮಿತ್ರರೇ, ಉಪಕರಣಗಳಿಲ್ಲದ ಊರಿನಲ್ಲಿಯೂ ಹಗ್ಗವಿದೆ, ಮರವಿದೆ. ಯಾರದಾದರೂ ಕಿಸೆಯಲ್ಲಿ ಮೊಬೈಲೂ ಇದೆ.