ಕೈಗಡಿಯಾರದ ಎರಡು ಬೆಲೆ

ಒಂದು ಪೇಟೆಯಲ್ಲಿ ಒಂದು ವಸ್ತುವಿಗೆ ಒಂದೇ ಬೆಲೆ ನೆಲೆಗೊಳ್ಳತಕ್ಕದ್ದೆಂದು ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಓದುತ್ತೇವೆ. ಜಯನಗರದ ನಾಲ್ಕನೆಯ ಬ್ಲಾಕಿನಿಂದ ಹೊರಟು ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳನ್ನು ಸುತ್ತಿ ಬಂದವರಿಗೆ ಈ ನಿಯಮಕ್ಕೆ ಒಂದು ವಿಚಿತ್ರವಾದ ಅಪವಾದ ಕಾಣಸಿಗುತ್ತದೆ. ಒಂದೇ ಕಾರ್ಖಾನೆಯಲ್ಲಿ ತಯಾರಾದ, ಒಂದೇ ಮಾದರಿಯ, ಯಾರ ಮುಂಗೈಯನ್ನೂ ಏರದ ಹೊಸ ಕೈಗಡಿಯಾರಕ್ಕೆ ಅಧಿಕೃತ ಮಾರಾಟಗಾರನಲ್ಲಿ ಒಂದು ಬೆಲೆ, ಸ್ವತಂತ್ರ ವರ್ತಕನಲ್ಲಿ ಇನ್ನೊಂದು. ಅದೂ ಒಂದು ಹೆಸರಿನ ಗಡಿಯಾರ ಈ ಎರಡನೆಯವನಲ್ಲಿ ಅಗ್ಗವಾದರೆ, ಮತ್ತೊಂದು ಹೆಸರಿನದು ಅವನಲ್ಲಿಯೇ ದುಬಾರಿ. ಈ ವ್ಯಾಪಾರವನ್ನು ಕೆಲವು ತಿಂಗಳು ವಿಚಾರಿಸಿ ತಿಳಿದುಕೊಂಡ ಸಂಗತಿಗಳನ್ನು ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಮುದ್ರಿತ ಬೆಲೆಗಿಂತ ಹೆಚ್ಚು ತೆತ್ತು ಗಡಿಯಾರ ಕೊಳ್ಳುವುದು ನಮ್ಮ ಊರಿಗೆ ಹೊಸದೇನಲ್ಲ. ೧೯೫೩ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮಷೀನ್ ಟೂಲ್ಸ್ ಸಂಸ್ಥೆಯು ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಕೈಗಡಿಯಾರದ ತಯಾರಿಕೆಗೆ ತೊಡಗಿತು. ಅದರ 'ಕಾಂಚನ' ಎಂಬ ಮಾದರಿಗೆ ಒಂದು ಕಾಲಕ್ಕೆ ಮದುವೆಯ ಮನೆಗಳಲ್ಲಿ ಎಷ್ಟು ಬೇಡಿಕೆಯಿತ್ತೆಂದರೆ, ಅಂಗಡಿಯ ಬೆಲೆಗೆ ಅದು ದೊರೆಯುವುದೇ ದುರ್ಲಭವಾಗಿ, ಮೇಲುಹಣ ಕೊಟ್ಟು ತರಬೇಕಾಗುತ್ತಿತ್ತು. ಅಳಿಯನಿಗೆ ಕಾಂಚನ ಕೊಟ್ಟೆವೆಂದು ಹೇಳಿಕೊಳ್ಳುವ ಹಿರಿಯರು ಈಗಲೂ ಇದ್ದಾರೆ. ೧೯೮೭ರಲ್ಲಿ ಹೊಸೂರಿನ ಟೈಟನ್ ಗಡಿಯಾರಗಳು ಪೇಟೆಗೆ ಬಂದವು. ೨೦೧೬ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಒಪ್ಪಿಗೆಯಿತ್ತಿತು. ಕಾಂಚನದ ಕಾಲದ ಆ ಮೇಲುಹಣ ಮಾತ್ರ ಉಳಿದುಕೊಂಡು, ಈಗ ಸ್ವಿಸ್ ಗಡಿಯಾರಗಳಿಗೆ ಅಂಟಿಕೊಂಡಿದೆ.

ಸ್ವತಂತ್ರ ವರ್ತಕನಿಗೆ ಹೊಸ ಸರಕು ಎಲ್ಲಿಂದ ಬರುತ್ತದೆ? ತಯಾರಕರು ಅವನಿಗೆ ಕೊಡುವುದಿಲ್ಲ. ಅವನ ಮುಖ್ಯ ಮೂಲ ಅಧಿಕೃತ ಮಾರಾಟಗಾರನೇ ಎಂದರೆ ಮೊದಲ ಬಾರಿ ಕೇಳಿದವರು ನಂಬಲಾರರು. ಬೇಡಿಕೆಯುಳ್ಳ ಮಾದರಿಯ ಜೊತೆಗೆ ಓಡದ ಮಾದರಿಗಳನ್ನೂ ಕಂಪೆನಿಗಳು ತಮ್ಮ ಮಾರಾಟಗಾರರ ಮೇಲೆ ಹೊರಿಸುವುದುಂಟು. ಗಾಜಿನ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಕುಳಿತ ಗಡಿಯಾರವೆಂದರೆ ಸತ್ತ ಬಂಡವಾಳ. ಆದರೆ ಅದರ ಮೇಲಿನ ಬಡ್ಡಿ ಸಾಯುವುದಿಲ್ಲ. ಬಹಿರಂಗವಾಗಿ ಬೆಲೆ ಇಳಿಸಿದರೆ ಕಂಪೆನಿಗೆ ಕೋಪ, ಏಜೆನ್ಸಿಯೇ ಕೈಬಿಟ್ಟು ಹೋಗಬಹುದು. ಆದಕಾರಣ ಅವನು ಹತ್ತಿಪ್ಪತ್ತು ಗಡಿಯಾರಗಳನ್ನು ಒಟ್ಟಾಗಿ ಹಿಂಬಾಗಿಲಿನಿಂದ ದಾಟಿಸಿಬಿಡುತ್ತಾನೆ. ಅವನ ಲಾಭಾಂಶವು ಮುದ್ರಿತ ಬೆಲೆಯ ಮೂರರಲ್ಲೊಂದು ಪಾಲಿನ ಆಸುಪಾಸಿನಲ್ಲಿರುವುದರಿಂದ, ಅದರಲ್ಲಿ ಬಹುಭಾಗವನ್ನು ಬಿಟ್ಟುಕೊಟ್ಟರೂ ನಷ್ಟವಿಲ್ಲ. ಕೊನೆಯ ಗಿರಾಕಿಗೂ ನೂರಕ್ಕೆ ಹತ್ತೋ ಇಪ್ಪತ್ತೋ ಉಳಿಯುತ್ತದೆ. ಆಮದು ಸುಂಕವೇ ಇಲ್ಲದ ಹಾಂಗ್‌ಕಾಂಗ್, ಹಾಗೆಯೇ ದುಬೈ, ಸಿಂಗಾಪುರ — ಇವು ಈ ಸಗಟು ವ್ಯವಹಾರದ ದೊಡ್ಡ ಸಂತೆಗಳು. ನಾನು ಕಂಡ ಜೆ.ಪಿ. ನಗರದ ವರ್ತಕರಲ್ಲಿ ಸರಕು ಇಟ್ಟುಕೊಂಡವರು ವಿರಳ. ಮಹಡಿಯ ಮೇಲೊಂದು ಕೊಠಡಿ, ಒಂದು ತಿಜೋರಿ, ಒಂದು ಫೋನು. ವಾಟ್ಸಾಪಿನಲ್ಲಿ ಚಿತ್ರ ಕಳಿಸಿ, ಮುಂಗಡ ಪಡೆದ ಮೇಲೆ ಮುಂಬಯಿಯಿಂದಲೋ ದುಬೈಯಿಂದಲೋ ತರಿಸುತ್ತಾರೆ.

ಇಂಥ ಸರಪಳಿ ಹೇಗೆ ಹೆಣೆದುಕೊಳ್ಳುತ್ತದೆಂಬುದಕ್ಕೆ ಅಮೆರಿಕದ ಒಂದು ಮೊಕದ್ದಮೆ ಒಳ್ಳೆಯ ಉದಾಹರಣೆ. ಕಾಸ್ಟ್‌ಕೋ ಎಂಬ ದೊಡ್ಡ ಅಂಗಡಿಯು ಒಮೆಗಾ ಕಂಪೆನಿ ಪರದೇಶದ ತನ್ನ ಅಧಿಕೃತ ವಿತರಕರಿಗೆ ಮಾರಿದ್ದ ಗಡಿಯಾರಗಳನ್ನೇ ಮಧ್ಯವರ್ತಿಗಳ ಮೂಲಕ ಕೊಂಡು, ೧,೯೯೫ ಡಾಲರಿನದನ್ನು ೧,೨೯೯ಕ್ಕೆ ಕ್ಯಾಲಿಫೋರ್ನಿಯದಲ್ಲಿ ಮಾರಿತು. ಒಮೆಗಾದವರು ಗಡಿಯಾರದ ಬೆನ್ನಿನ ಮೇಲೆ ಸಣ್ಣದೊಂದು ಭೂಗೋಳದ ಚಿತ್ರ ಕೊರೆದು, ಆ ಚಿತ್ರದ ಕೃತಿಸ್ವಾಮ್ಯ ತಮ್ಮದೆಂದು ದಾವೆ ಹೂಡಿದರು! ೨೦೧೦ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರು ನಾಲ್ಕಕ್ಕೆ ನಾಲ್ಕಾಗಿ ಒಡೆದರು. ಕಟ್ಟಕಡೆಗೆ ೨೦೧೫ರಲ್ಲಿ ಮೇಲ್ಮನವಿಯ ನ್ಯಾಯಾಲಯದಲ್ಲಿ ಕಾಸ್ಟ್‌ಕೋ ಗೆದ್ದಿತು. ಕೂದಲೆಳೆಯಷ್ಟು ದಪ್ಪದ ಆ ಚಿತ್ರಕ್ಕಾಗಿ ವಕೀಲರು ಹತ್ತು ವರ್ಷ ವಾದಿಸಿದರೆಂಬುದು ನನಗಂತೂ ನಗು ತರಿಸುತ್ತದೆ.

ನಮ್ಮ ದೇಶದಲ್ಲಿಯೂ ಈ ವ್ಯಾಪಾರ ಸ್ವತಃ ಅಪರಾಧವಲ್ಲ. ಸ್ಯಾಮ್‌ಸಂಗ್ ಕಂಪೆನಿಯ ಮುದ್ರಣಯಂತ್ರಗಳ ಬಗೆಗಿನ ಕಪಿಲ್ ವಾಧ್ವಾ ಮೊಕದ್ದಮೆಯಲ್ಲಿ, ಪರದೇಶದಲ್ಲಿ ನ್ಯಾಯವಾಗಿ ಕೊಂಡ ಅಸಲಿ ವಸ್ತುವನ್ನು ಇಲ್ಲಿ ತಂದು ಮಾರಬಹುದೆಂದು ದೆಹಲಿಯ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠ ೨೦೧೨ರಲ್ಲಿ ತೀರ್ಪಿತ್ತಿತು. ಆದರೆ ಕಂಪೆನಿಯ ಖಾತರಿ ಇದಕ್ಕಿಲ್ಲವೆಂದು ಗಿರಾಕಿಗೆ ಸ್ಪಷ್ಟವಾಗಿ ತಿಳಿಸತಕ್ಕದ್ದೆಂದೂ ವಿಧಿಸಿತು. ತೊಡಕು ಇರುವುದು ಸುಂಕದಲ್ಲಿ. ಒಂದು ಲಕ್ಷ ರೂಪಾಯಿ ಮೌಲ್ಯದ ಗಡಿಯಾರಕ್ಕೆ ನೂರಕ್ಕೆ ೨೦ರಂತೆ ಮೂಲಸುಂಕ ೨೦,೦೦೦. ಅದರ ಮೇಲೆ ಹತ್ತರಲ್ಲೊಂದು ಅಧಿಭಾರ ೨,೦೦೦. ಒಟ್ಟು ಮೊತ್ತದ ಮೇಲೆ ನೂರಕ್ಕೆ ೧೮ರಂತೆ ಸರಕು ಸೇವಾ ತೆರಿಗೆ ೨೧,೯೬೦. ಎಲ್ಲ ಸೇರಿ ೪೩,೯೬೦ ರೂಪಾಯಿ. ಈ ಹಣವೇ ಅಪ್ರಾಮಾಣಿಕನಿಗೆ ಆಸೆ ಹುಟ್ಟಿಸುವುದು: ಗಡಿಯಾರವೊಂದು ಪ್ರಯಾಣಿಕನ ಮುಂಗೈಯಲ್ಲಿ ಕುಳಿತು ವಿಮಾನದಿಂದ ಇಳಿದುಬಿಟ್ಟರೆ ಅಷ್ಟೂ ಉಳಿತಾಯ.

ಇಲ್ಲಿ ೧೯೬೨ರ ಸುಂಕ ಕಾಯಿದೆಯ ೧೨೩ನೆಯ ವಿಧಿಯನ್ನು ವಾಚಕರು ಗಮನಿಸಬೇಕು. ಸಾಮಾನ್ಯವಾಗಿ ಅಪರಾಧವನ್ನು ರುಜುವಾತುಪಡಿಸುವ ಹೊಣೆ ಸರ್ಕಾರದ್ದು. ಈ ವಿಧಿಯಲ್ಲಿ ಚಿನ್ನದ ಜೊತೆಗೆ ಹೆಸರಿಟ್ಟು ಹೇಳಿರುವ ವಸ್ತು ಕೈಗಡಿಯಾರ. ಕಳ್ಳಸಾಗಣೆಯದೆಂದು ಸಕಾರಣವಾಗಿ ನಂಬಿ ಅಧಿಕಾರಿಗಳು ಅದನ್ನು ವಶಪಡಿಸಿಕೊಂಡರೆ, ಅದು ಅಂಥದ್ದಲ್ಲವೆಂದು ತೋರಿಸುವ ಭಾರ ಯಾರ ವಶದಿಂದ ಅದು ಸಿಕ್ಕಿತೋ ಅವನದು, ಅದು ತನ್ನದೆನ್ನುವವನದು. ಎಂದರೆ ಬಿಲ್ಲಿಲ್ಲದೆ ಅಗ್ಗವಾಗಿ ಕೊಂಡ ಮೇಷ್ಟರೋ ಗುಮಾಸ್ತರೋ ವರ್ತಕನ ಪಾಪಕ್ಕೆ ತಾವು ಉತ್ತರ ಕೊಡಬೇಕಾದೀತು.

ಬನಶಂಕರಿಯಲ್ಲಿರುವ ನಮ್ಮ ಬಂಧುಗಳೊಬ್ಬರು ಮಗಳ ಮದುವೆಗೆಂದು ಹೀಗೆಯೇ ಒಂದು ಗಡಿಯಾರ ಕೊಂಡರು. ಗಡಿಯಾರ ಅಸಲಿ, ಪೆಟ್ಟಿಗೆ ಅಸಲಿ. ಆದರೆ ಖಾತರಿಯ ಚೀಟಿಯಲ್ಲಿ ಒಂಬತ್ತು ತಿಂಗಳ ಹಿಂದಿನ ತಾರೀಖು, ಪರದೇಶದ ಯಾವುದೋ ಅಂಗಡಿಯ ಮೊಹರು. ಯಾರೋ ಕೊಂಡಂತೆ ತೋರಿಸಿ ಹೊರಬಂದ ಸರಕಾದ್ದರಿಂದ ಖಾತರಿಯ ಅವಧಿ ಅಂದೇ ಓಡತೊಡಗಿತ್ತು. ಇಲ್ಲಿಯ ಬಿಲ್ಲು ಕೇಳಿದರೆ ವರ್ತಕ ಬಿಳಿಯ ಹಾಳೆಯ ಮೇಲೆ ಮೊತ್ತ ಬರೆದುಕೊಟ್ಟ. ನಿವೃತ್ತಿಯ ಹಣದಲ್ಲಿ ಕೊಂಡ ವಸ್ತುವದು. ಮುದ್ರಿತ ಬೆಲೆಯಲ್ಲಿ ಉಳಿದ ರೂಪಾಯಿಗಳಿಗೆ ಬದಲಾಗಿ ಅವರು ಏನನ್ನು ಬಿಟ್ಟುಕೊಟ್ಟರೆಂಬುದು ಈಗ ಸ್ಪಷ್ಟ: ತೆರಿಗೆ ಸಂಖ್ಯೆಯುಳ್ಳ ಬಿಲ್ಲು, ಆಮದಿನ ದಾಖಲೆ, ಗಡಿಯಾರದ ಮೇಲಿನ ಕ್ರಮಸಂಖ್ಯೆಗೆ ತಾಳೆಯಾಗುವ ಚೀಟಿ. ಇವನ್ನು ಕೇಳಿದೊಡನೆ ಕೊಡುವ ಸ್ವತಂತ್ರ ವರ್ತಕರೂ ಇದ್ದಾರೆ. ಅವರ ರಿಯಾಯಿತಿ ಅಷ್ಟು ಆಕರ್ಷಕವಾಗಿರುವುದಿಲ್ಲ, ಇರಲೂ ಸಾಧ್ಯವಿಲ್ಲ. ಎರಡು ಲಕ್ಷ ಅಥವಾ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯುವುದು ೨೦೧೭ರಿಂದ ನಿಷಿದ್ಧ. ೨೦೨೫ರ ಏಪ್ರಿಲ್ ೨೨ರಿಂದ ಹತ್ತು ಲಕ್ಷ ಮೀರಿದ ಕೈಗಡಿಯಾರದ ಮೇಲೆ ನೂರಕ್ಕೊಂದರಂತೆ ಆದಾಯ ತೆರಿಗೆಯನ್ನು ಮಾರುವವನೇ ಸಂಗ್ರಹಿಸಬೇಕು.

ಇನ್ನು ದುಬಾರಿಯಾಗುವ ಗಡಿಯಾರಗಳ ಮಾತು. ರೋಲೆಕ್ಸ್ ಕಂಪೆನಿಯು ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಗಡಿಯಾರ ತಯಾರಿಸುತ್ತದೆಂದು ಹೊರಗಿನವರ ಅಂದಾಜು. ಆದರೂ ಅದರ ಉಕ್ಕಿನ ಡೇಟೋನಾ ಮಾದರಿಗೆ ಅಧಿಕೃತ ಅಂಗಡಿಯಲ್ಲಿ ಹೆಸರು ಬರೆಸಿ ಕಾಯಬೇಕು. ಸರದಿ ಬಂದವನು ಕೊಂಡು, ಧರಿಸದೆಯೇ ವರ್ತಕನಿಗೆ ಲಾಭಕ್ಕೆ ಮಾರುತ್ತಾನೆ. ಇಲ್ಲೊಂದು ಸ್ವಾರಸ್ಯವಿದೆ. ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಯನ್ನು ಮೀರಿ ಚಿಲ್ಲರೆ ಅಂಗಡಿಯವನು ಮಾರುವಂತಿಲ್ಲವೆಂದು ನಮ್ಮ ಅಳತೆ-ತೂಕದ ನಿಯಮ ಹೇಳುತ್ತದೆ. ಆದ್ದರಿಂದ ಈ ಗಡಿಯಾರ 'ಹೊಸದು' ಎಂಬ ಹೆಸರಿನಲ್ಲಿ ಮಾರಾಟವಾಗುವುದಿಲ್ಲ. 'ಒಬ್ಬರ ಒಡೆತನದಲ್ಲಿದ್ದದ್ದು, ಧರಿಸದೇ ಇದ್ದದ್ದು' ಎನಿಸಿಕೊಳ್ಳುತ್ತದೆ. ಕಾಗದದ ಮೇಲೆ ಹಳೆಯದಾದ ಮೇಲೆಯೇ ಅದರ ಬೆಲೆ ಏರುವುದು! ಏರಿದ್ದು ಏರಿಯೇ ಇರುತ್ತದೆಂದು ಭಾವಿಸಿ ಸರಕು ತುಂಬಿಕೊಂಡ ವರ್ತಕರು ೨೦೨೨ರಲ್ಲಿ ಲೋಕದಾದ್ಯಂತ ಈ ಬೆಲೆಗಳು ಶಿಖರ ಮುಟ್ಟಿ ಕುಸಿದಾಗ ಪೆಟ್ಟು ತಿಂದರು.

ಸ್ವಿಟ್ಜರ್ಲೆಂಡ್ ಸೇರಿ ನಾಲ್ಕು ದೇಶಗಳೊಡನೆ ಭಾರತ ೨೦೨೪ರ ಮಾರ್ಚಿಯಲ್ಲಿ ಮಾಡಿಕೊಂಡ ಒಪ್ಪಂದ ೨೦೨೫ರ ಅಕ್ಟೋಬರ್ ೧ರಿಂದ ಜಾರಿಯಲ್ಲಿದೆ; ಅದರಂತೆ ಸ್ವಿಸ್ ಗಡಿಯಾರಗಳ ಮೂಲಸುಂಕ ಕೆಲವು ವರ್ಷಗಳಲ್ಲಿ ಹಂತಹಂತವಾಗಿ ಇಳಿಯುತ್ತದೆ. ಆದರೆ ಈ ರಿಯಾಯಿತಿಗೆ ಸರಕಿನ ಮೂಲವನ್ನು ತೋರಿಸುವ ಪತ್ರ ಬೇಕು. ಸ್ವಿಟ್ಜರ್ಲೆಂಡಿನಿಂದ ನೇರವಾಗಿ ತರಿಸುವ ಅಧಿಕೃತ ಮಾರಾಟಗಾರನಿಗೆ ಅದು ಸುಲಭ. ದುಬೈಯ ಅಂಗಡಿಯಿಂದ ಎತ್ತಿ ತರುವವನಿಗೆ ಕಷ್ಟ. ಮುದ್ರಿತ ಬೆಲೆ ಇಳಿದಂತೆಲ್ಲ ಜೆ.ಪಿ. ನಗರದ ಮಹಡಿಯ ರಿಯಾಯಿತಿ ಕುಗ್ಗುತ್ತ ಬರುವುದು. ಡೇಟೋನಾದ ಮೇಲುಹಣಕ್ಕೆ ಮಾತ್ರ ಇದರಿಂದ ಯಾವ ಬಾಧೆಯೂ ಇಲ್ಲ.