ನೀತಿ ಬಿಡಬೇಡ, ನ್ಯಾಯವನ್ನು ದೇವರಿಗೆ ಬಿಡು

ಮಗೂ, ಕಷ್ಟ ಬಂದಾಗ ಮನುಷ್ಯನ ಬಾಯಿಂದ ಮೊದಲು ಹೊರಡುವ ಮಾತು ಒಂದೇ: "ನಾನೇನು ಪಾಪ ಮಾಡಿದ್ದೆ?" ಓದಿದ ಓದಿಗೆ ಕೆಲಸ ಸಿಗದವರು, ದುಡಿದ ದುಡಿಮೆಯ ಹೆಸರನ್ನು ಇನ್ನೊಬ್ಬರು ಹೊಡೆದುಕೊಂಡದ್ದನ್ನು ಕಂಡವರು, ನಂಬಿದವರಿಂದಲೇ ಮೋಸ ಹೋದವರು ಎಲ್ಲರೂ ಇದನ್ನೇ ಕೇಳುತ್ತಾರೆ. ಇವತ್ತಲ್ಲ ನಾಳೆ ನೀನೂ ಕೇಳುತ್ತೀಯ. ಆಗ ಪಕ್ಕದಲ್ಲಿ ನಾನಿರುತ್ತೇನೋ ಇಲ್ಲವೋ, ಈಗಲೇ ಹೇಳಿಬಿಡುತ್ತೇನೆ: ದೇವರ ನ್ಯಾಯವನ್ನು ನಂಬು. ಆದರೆ ಹಾಗೆ ನಂಬುವುದೆಂದರೆ ಏನು ಎಂದು ತಿಳಿದುಕೊಂಡು ನಂಬು.

ಹರಿಶ್ಚಂದ್ರನ ಕಥೆ ನಿನಗೆ ಗೊತ್ತು. ಸುಮಾರು 800 ವರ್ಷಗಳ ಹಿಂದೆ ಹಂಪೆಯ ರಾಘವಾಂಕ ಅದನ್ನು ಷಟ್ಪದಿಯಲ್ಲಿ ಕಾವ್ಯವಾಗಿಸಿದ. ಕಥೆ ಶುರುವಾಗುವುದು ಇಂದ್ರನ ಸಭೆಯಲ್ಲಿ. ಹರಿಶ್ಚಂದ್ರನಂಥ ಸತ್ಯವಂತ ಇಲ್ಲ ಎಂದು ವಸಿಷ್ಠ ಹೇಳುತ್ತಾನೆ, ವಿಶ್ವಾಮಿತ್ರ ಒಪ್ಪುವುದಿಲ್ಲ. ಆ ವಾದವೇ ಮುಂದಿನ ಎಲ್ಲ ಕಷ್ಟಕ್ಕೆ ಮೂಲ. ಓದುವ ನಮಗೆ ಇದು ಮೊದಲೇ ತಿಳಿದಿರುತ್ತದೆ. ಪಾಪ, ಹರಿಶ್ಚಂದ್ರನಿಗೆ ಅದೇನೂ ಗೊತ್ತಿಲ್ಲ. ರಾಜ್ಯ ಹೋಯಿತು. ಸಾಲ ತೀರಿಸಲು ಕಾಶಿಯಲ್ಲಿ ಹೆಂಡತಿ ಚಂದ್ರಮತಿಯನ್ನೂ ಮಗ ಲೋಹಿತಾಶ್ವನನ್ನೂ ಮಾರಿದ. ಕೊನೆಗೆ ತನ್ನನ್ನೇ ವೀರಬಾಹುವಿಗೆ ಮಾರಿಕೊಂಡು ಸುಡುಗಾಡು ಕಾಯಲು ನಿಂತ. ಯಾಕೆ ಹೀಗಾಗುತ್ತಿದೆ ಎಂದು ಅವನಿಗೆ ಯಾರೂ ಹೇಳಲಿಲ್ಲ.

ನಮ್ಮ ಸ್ಥಿತಿಯೂ ಅದೇ, ಮಗೂ. ನಮ್ಮ ಬದುಕಿನ ಇಂದ್ರಸಭೆಯಲ್ಲಿ ಏನು ಮಾತಾಯಿತೋ ನಾವು ಕೇಳಿಲ್ಲ. ನಡುವಿನ ಪುಟದಲ್ಲಿ ನಿಂತು ಇಡೀ ಕಥೆಗೆ ತೀರ್ಪು ಕೊಟ್ಟುಬಿಡುತ್ತೇವೆ. ಈ ಕಥೆಯಿಂದ ಒಂದನ್ನು ಮರೆಯದೆ ತೆಗೆದುಕೋ: ಹರಿಶ್ಚಂದ್ರನಿಗೆ ಕಷ್ಟ ಬಂದದ್ದು ಅವನು ಕೆಟ್ಟವನೆಂದಲ್ಲ, ಒಳ್ಳೆಯವನೆಂದೇ. ಆದ್ದರಿಂದ ನೋವು ಬಂದ ಮಾತ್ರಕ್ಕೆ ನೀನು ತಪ್ಪಿತಸ್ಥ ಎಂದುಕೊಳ್ಳಬೇಡ. ನೊಂದವರ ಮನೆಗೆ ಹೋಗಿ "ಎಲ್ಲಾ ನಿಮ್ಮ ಕರ್ಮ" ಎಂದು ಎಂದೂ ಹೇಳಬೇಡ. ಬೈಬಲಿನ ಯೋಬನ ಕಥೆಯಲ್ಲೂ ಇದೇ ಮಾತಿದೆ. ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕುಳಿತವನ ಮುಂದೆ ಗೆಳೆಯರು "ನೀನು ಏನೋ ಪಾಪ ಮಾಡಿರಲೇಬೇಕು" ಎಂದು ವಾದಿಸುತ್ತಾರೆ. ಕೊನೆಯಲ್ಲಿ ದೇವರ ಕೋಪ ತಿರುಗುವುದು ಆ ಗೆಳೆಯರ ಮೇಲೆ. ಜಗಳವಾಡಿದ ಯೋಬನ ಮೇಲಲ್ಲ.

ಹಾಗಾದರೆ ದೇವರಿದ್ದಾನೆಂದು ಕೈಕಟ್ಟಿ ಕೂರಬೇಕೇ? ಬೇಡ. ನನಗೆ ಪರಿಚಯದ ಒಬ್ಬ ತಾಯಿ ಇದ್ದಾಳೆ. ಗಂಡ ತೀರಿಕೊಂಡ ಮೇಲೆ ಮೈದುನ ಬೇಲಿಯನ್ನು ಒಳಕ್ಕೆ ಸರಿಸಿ ಇವಳ ತೋಟದ ಒಂದು ಭಾಗವನ್ನು ತನ್ನದಕ್ಕೆ ಸೇರಿಸಿಕೊಂಡ. ಆಕೆ ದಿನಾ ಸಂಜೆ ತುಳಸಿಗೆ ದೀಪ ಹಚ್ಚುತ್ತಿದ್ದಳು. ಕೋರ್ಟಿನ ವಾಯಿದೆಯ ದಿನ ಬೆಳಿಗ್ಗೆ ಪಹಣಿ, ಸರ್ವೆ ನಕ್ಷೆಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಎದೆಗೆ ಅವುಚಿಕೊಂಡು ಬಸ್ಸು ಹತ್ತುತ್ತಿದ್ದಳು. "ದೇವರಿಗೆ ಒಪ್ಪಿಸಿದ್ದೀನಿ ಅಂದರೆ ವಕೀಲರಿಗೆ ಕಾಗದ ಕೊಡಬಾರದು ಅಂತೇನೂ ಅಲ್ಲವಲ್ಲ" ಎನ್ನುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಆ ಮೈದುನನ ಬೋರ್‌ವೆಲ್ ಬತ್ತಿತು. ಅಡಿಕೆ ಮರಗಳ ಸೋಗೆ ಹಳದಿಗೆ ತಿರುಗಿ ಜೋತುಬಿದ್ದವು. ಈಕೆ ತನ್ನ ಬಾವಿಯ ಪೈಪನ್ನು ಬೇಲಿಯಾಚೆಗೆ ಬಿಟ್ಟಳು. "ಮಾಡಿದ್ದುಣ್ಣಲಿ ಬಿಡಮ್ಮ" ಎಂದು ಮಗ ಸಿಡುಕಿದ. "ಕೇಸು ಕೋರ್ಟಿನಲ್ಲಿ ನಡೀತಾ ಇದೆ, ನಡೀಲಿ. ಮರಕ್ಕೆ ಯಾಕಪ್ಪ ಶಿಕ್ಷೆ?" ಎಂದಳು ಆ ತಾಯಿ. ದಾವೆಯನ್ನೂ ಕೈಬಿಡಲಿಲ್ಲ, ಹಗೆಯನ್ನೂ ಕೈಗೆತ್ತಿಕೊಳ್ಳಲಿಲ್ಲ. ನಾನು ಹೇಳುವ ನಂಬಿಕೆ ಅದು.

ಆದ್ದರಿಂದ ನಿನಗೆ ಅನ್ಯಾಯವಾದರೆ ಮಾಡಬೇಕಾದ್ದನ್ನು ಮಾಡು. ಅರ್ಜಿ ಬರೆ, ದಾಖಲೆ ಇಟ್ಟುಕೋ, ಸಾಕ್ಷಿ ಹುಡುಕು. ನಿನ್ನ ಜಮೀನಿನಲ್ಲಿ ಇನ್ನೊಬ್ಬರು ತಮ್ಮದೆಂದೇ ಸಾಧಿಸುತ್ತ ಕೂತಿದ್ದರೆ, ಸ್ವಾಧೀನ ಕೇಳಲು 1963ರ ಕಾಲಮಿತಿ ಕಾಯ್ದೆ ಕೊಡುವುದು 12 ವರ್ಷ. "ದೇವರು ನೋಡಿಕೊಳ್ಳುತ್ತಾನೆ" ಎಂದು ಸುಮ್ಮನಿದ್ದವರು ಹಕ್ಕನ್ನೇ ಕಳೆದುಕೊಂಡದ್ದುಂಟು. ದುಡ್ಡಿಲ್ಲ ಎಂದು ಹಿಂಜರಿಯಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳು.

ಹರಿಶ್ಚಂದ್ರನ ನಾಟಕವನ್ನು ಹುಡುಗನಾಗಿದ್ದಾಗ ನೋಡಿ, ಮನಸ್ಸಿನಲ್ಲೇ ಮತ್ತೆ ಮತ್ತೆ ಆಡಿಕೊಂಡ ಒಬ್ಬರಿದ್ದರು. ಎಲ್ಲರೂ ಹರಿಶ್ಚಂದ್ರನಂತೆ ಸತ್ಯವಂತರಾಗಬಾರದೇಕೆ ಎಂದು ಆ ಹುಡುಗ ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಅವನೇ ಮುಂದೆ ಮಹಾತ್ಮ ಗಾಂಧಿ. 1893ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಟಿಕೆಟ್ ಇದ್ದರೂ ಅವರನ್ನು ರೈಲಿನಿಂದ ಹೊರಹಾಕಿದರು. ಅವರು ದೇವರನ್ನೂ ಬಿಡಲಿಲ್ಲ, ಹೋರಾಟವನ್ನೂ ಬಿಡಲಿಲ್ಲ. 1914ರಲ್ಲಿ ಆ ದೇಶ ಬಿಡುವವರೆಗೂ ಅನ್ಯಾಯದ ಕಾನೂನುಗಳನ್ನು ಎದುರಿಸಿದರು, ಜೈಲಿಗೂ ಹೋದರು. ಎದುರಾಳಿಯ ಮೇಲೆ ಕೈ ಎತ್ತಲಿಲ್ಲ.

ನಿನ್ನ ಪಾಲಿನ ಕೆಲಸ ಮುಗಿದ ಮೇಲೂ ಒಂದಷ್ಟು ಉಳಿದೇ ಉಳಿಯುತ್ತದೆ. ತೀರ್ಪು ತಡವಾಗುತ್ತದೆ, ಸುಳ್ಳು ಹೇಳಿದವನು ಸುಖವಾಗಿರುವುದು ಕಣ್ಣಿಗೆ ಬೀಳುತ್ತದೆ, ತೀರಿಕೊಂಡವರು ತಿರುಗಿ ಬರುವುದಿಲ್ಲ. ಅಲ್ಲಿ ಮನುಷ್ಯನ ಕೈ ಎಟಕುವುದಿಲ್ಲ. ಅಷ್ಟನ್ನು ದೇವರಿಗೆ ಬಿಡು. ಬಿಟ್ಟ ಮೇಲೆ "ಅವನಿಗೆ ಯಾವಾಗ ಕೇಡಾಗುತ್ತದೆ" ಎಂದು ದಿನ ಎಣಿಸಬೇಡ. ಇನ್ನೊಬ್ಬರ ಮನೆಯ ಸಾವುನೋವನ್ನು ನಿನ್ನ ಪ್ರಾರ್ಥನೆಯ ಫಲವೆಂದು ಬೀಗಬೇಡ. ನ್ಯಾಯ ದೇವರದಾದ ಮೇಲೆ ಅದರ ಹೊತ್ತೂ ಅವನದೇ, ರೀತಿಯೂ ಅವನದೇ.

ಅತ್ತರೆ ನಂಬಿಕೆ ಕಡಿಮೆಯಾಯಿತು ಎಂದೂ ತಿಳಿಯಬೇಡ. ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ಕತ್ತಲಲ್ಲಿ ಸುಡುಗಾಡಿಗೆ ಬಂದ ಚಂದ್ರಮತಿ ಗೋಳಾಡಿದಳು. ಅವಳ ನಿಷ್ಠೆಯನ್ನು ಯಾರೂ ಅನುಮಾನಿಸಲಿಲ್ಲ. ದುಃಖ ಹೊರಲಾರದಷ್ಟಾದರೆ, ಬದುಕೇ ಬೇಡವೆನಿಸಿದರೆ, ಒಬ್ಬನೇ ಕೂರಬೇಡ. ಮನೆಯ ಹಿರಿಯರನ್ನು ಎಬ್ಬಿಸು, ಗೆಳೆಯರನ್ನು ಕರೆ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡು. ಹಗಲಿರುಳೆನ್ನದೆ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ದೇವರ ಸಹಾಯ ಬಹಳ ಸಲ ಮನುಷ್ಯರ ದನಿಯಲ್ಲೇ ಬರುತ್ತದೆ.

ಆ ಸುಡುಗಾಡಿನ ರಾತ್ರಿ ಹರಿಶ್ಚಂದ್ರ ತನ್ನ ಮಗನ ಹೆಣಕ್ಕೂ ತೆರಿಗೆ ಕೇಳಿದ, ಏಕೆಂದರೆ ಅದು ಒಡೆಯನಿಗೆ ಸೇರಬೇಕಾದ ಹಣ. ಕಾಶಿಯ ವಿಶ್ವನಾಥ ಪ್ರತ್ಯಕ್ಷನಾದದ್ದು ಅದಕ್ಕೂ ಆಮೇಲೆ. ನೀತಿ ಬಿಡಲು ಅವನಿಗೆ ಎಷ್ಟೊಂದು ನೆಪಗಳಿದ್ದವು ನೋಡು. "ನನಗೇ ಅನ್ಯಾಯವಾಗಿದೆ, ನಾನ್ಯಾಕೆ ಸರಿಯಾಗಿರಬೇಕು?" ಎಂಬ ನೆಪ ನಿನ್ನ ಮುಂದೆಯೂ ಬರುತ್ತದೆ. ಮೋಸ ಹೋದವನು ಮೋಸಗಾರನಾಗುವುದು ಆ ಗಳಿಗೆಯಲ್ಲೇ. ಆಗ ದೇವರ ಮುಂದೆ ನಿಂತು "ಅವನಿಗೆ ಬುದ್ಧಿ ಕಲಿಸು" ಎಂದು ಕೇಳುವ ಮೊದಲು, "ನನ್ನ ಕೈಯಿಂದ ಯಾರಿಗೂ ಅನ್ಯಾಯವಾಗದಂತೆ ಕಾಪಾಡು" ಎಂದು ಕೇಳು. ಈ ಬೇಡಿಕೆ ಈಡೇರಲು ನೀನು ಯಾರ ತೀರ್ಪಿಗೂ ಕಾಯಬೇಕಿಲ್ಲ, ಮಗೂ. ನಿನಗೆ ಒಳ್ಳೆಯದಾಗಲಿ.