ಹೋದ ಸಲದ ಮ್ಯಾಟರ್

ಕುಮಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಹೊನ್ನಾವರ ಕಡೆಯ ಯಕ್ಷಗಾನ ಆಟದ ಹ್ಯಾಂಡ್‌ಬಿಲ್ಲು, ಭಟ್ಕಳದ ಮದುವೆ ಕಾಗದ ಎಲ್ಲ ಬರುತ್ತವೆ. ಬಂದವರದ್ದೆಲ್ಲ ಒಂದೇ ಮಾತು: “ಹೋದ ಸಲದ ಮ್ಯಾಟರ್ ಇದ್ಯಲ್ಲ, ಹೆಸರು, ತಾರೀಕು ಬದಲಿಸಿ ಕೊಡಿ.” ವಿಂಡೋಸ್ ಬದಲಿಸಿದಾಗಲೆಲ್ಲ ನಾನು ಎಡವಿದ್ದು ಆ ಹೋದ ಸಲದ ಮ್ಯಾಟರಿಗೇ.

1. ಲಗ್ನದ ಸೀಸನ್ನಿನಲ್ಲಿ ಕೈ ಹಾಕಬೇಡಿ

ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಹೆದರಿ ಅದೇ ವಾರ 64 ಬಿಟ್ಟಿನ ವಿಂಡೋಸ್ 7 ಹಾಕಿಸಿದೆ. ಮೇಜಿನ ಮೇಲೆ ಹನ್ನೊಂದು ಲಗ್ನಪತ್ರಿಕೆ ಕಾಯುತ್ತಿದ್ದವು. ಹಳೆ ಪ್ರಿಂಟರಿಗೆ ಇದ್ದದ್ದು 32 ಬಿಟ್ ಡ್ರೈವರ್. 64 ಬಿಟ್ ವಿಂಡೋಸಿಗೆ ಅದು ಆಗಿಬರುವುದಿಲ್ಲ. ಬಟರ್ ಪೇಪರ್ ಪ್ರಿಂಟಿಗಾಗಿ ಎರಡು ದಿನ ಪೆನ್‌ಡ್ರೈವ್ ಹಿಡಿದು ಎದುರಂಗಡಿಗೇ ಓಡಾಡಿದೆ. ಗಿರಾಕಿಗಳಿಗಾಗಿ ನಾನು ಯಾವಾಗಲೂ ಜಗಳಾಡುತ್ತಿದ್ದ ಅಂಗಡಿ ಅದು. ಪುಣ್ಯಾತ್ಮ, ಚಹಾವನ್ನೂ ಕುಡಿಸಿದ.

2. ಓದದೆ ಓಕೆ ಒತ್ತಬೇಡಿ

ಹಳೆಯ ಪೇಜ್‌ಮೇಕರ್ ಫೈಲು ತೆರೆದಾಗ ‘ಈ ಫಾಂಟ್ ಇಲ್ಲ, ಬೇರೆ ಹಾಕಲೇ’ ಎಂದು ಕೇಳಿತು. ಅವಸರದಲ್ಲಿ ಓಕೆ ಒತ್ತಿಬಿಟ್ಟೆ. ‘ನುಡಿ’ ತಂತ್ರಾಂಶದ ಹಳೆ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಕೂತಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ. ಫಾಂಟು ಹೊಸ ಯಂತ್ರಕ್ಕೆ ಬರದಿದ್ದರೆ ‘ನ’ ಇದ್ದಲ್ಲೆಲ್ಲ ಪೌಂಡಿನ ಗುರುತು ಕಾಣುತ್ತದೆ. ಲಗ್ನಪತ್ರಿಕೆಯ ಪ್ರೂಫ್ ನೋಡಲು ಬಂದ ಹುಡುಗನ ಅಜ್ಜ ಕನ್ನಡಕ ಏರಿಸಿ, “ತಮಾ, ನಮ್ಮ ಹುಡ್ಗ ಇರೂದು ದುಬೈಲಿ, ಲಂಡನ್ನಿನಲ್ಲಲ್ಲ” ಎಂದರು.

3. ಯುನಿಕೋಡಿಗೆ ಬದಲಿಸಿದ ಮೇಲೆ ಅರ್ಕಾವೊತ್ತು ಹುಡುಕಿ

ಹಳೆ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ‘ರ’ ಮೊದಲು. ಪರಿವರ್ತಕ ಅಲ್ಲಿ ತಪ್ಪಿದರೆ ‘ಕಾರ್ಯಕ್ರಮ’ವು ‘ಕಾಯರ್ಕ್ರಮ’ವಾಗುತ್ತದೆ. ನನ್ನ ಕೈಯಲ್ಲಿ ‘ಕರ್ಣಪರ್ವ’ವೇ ‘ಕಣರ್ಪವರ್’ ಆಗಿ ಐನೂರು ಹ್ಯಾಂಡ್‌ಬಿಲ್ಲು ಅಚ್ಚಾಯಿತು. ಕಾಗದದ ದುಡ್ಡು ನನ್ನ ಕಿಸೆಯಿಂದ. ಕರ್ಣನಿಗೆ ಶಾಪ ಮೊದಲೇ ಸಾಕಷ್ಟಿತ್ತು.

4. ನಿಮಗೆ ಓದಲು ಬಾರದ ಲಿಪಿಯನ್ನು ‘ಸರಿ ಇದೆ’ ಎನ್ನಬೇಡಿ

ಈ ತಪ್ಪು ನೆನೆದರೆ ಈಗಲೂ ಮುಜುಗರ. ಭಟ್ಕಳದ ಮದುವೆ ಕಾಗದವೊಂದರ ಉರ್ದು ಮ್ಯಾಟರನ್ನು ಹೊಸ ಯಂತ್ರದಲ್ಲಿ ತೆರೆದೆ. ಅಕ್ಷರಗಳು ಇದ್ದವು, ಬಲದಿಂದ ಎಡಕ್ಕೇ ಇದ್ದವು. ನನಗೆ ಅಷ್ಟೇ ಗೊತ್ತು. ಪ್ರಿಂಟ್ ಹಿಡಿದು ಬಸ್ಸು ಹತ್ತಿದೆ. ಮನೆಯ ಹಿರಿಯರು ಬಹಳ ಹೊತ್ತು ನೋಡಿ, “ಓದ್ಲಿಕ್ಕೆ ಬರ್ತದೆ. ಆದ್ರೆ ನಮ್ಮ ಮದುವೆ ಕಾಗದ ಹೀಗಿರುದಿಲ್ಲ” ಎಂದರು. ಉರ್ದುವಿನವರಿಗೆ ಬೇಕಾದದ್ದು ಓರೆಯಾಗಿ ಇಳಿಯುವ ನಸ್ತಾಲೀಕ್. ಆ ಫಾಂಟು ಸಿಗದೆ ವಿಂಡೋಸ್ ನೆಟ್ಟಗಿನ ನಸ್ಖ್ ಹಾಕಿಕೊಟ್ಟಿತ್ತು. ಹಿರಿಯರು ಬೈಯಲಿಲ್ಲ, ಊಟಕ್ಕೆ ಕೂರಿಸಿದರು. ಬೈದಿದ್ದರೆ ವಾಸಿಯಿತ್ತು. ಈಗ ಉರ್ದು ಪ್ರೂಫನ್ನು ಮೊದಲು ಅವರ ಮೊಮ್ಮಗನ ಮೊಬೈಲಿಗೆ ಕಳಿಸುತ್ತೇನೆ.

5. ಹಳೆ ಯಂತ್ರ ಗುಜರಿಗೆ ಹಾಕಬೇಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸರದಿ ಮುಗಿಯಿತು. 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕೆಂದು ನನಗೆ ತಿಳಿದದ್ದು ಅದಿಲ್ಲದ ಸೆಕೆಂಡ್‌ಹ್ಯಾಂಡ್ ಯಂತ್ರಕ್ಕೆ ದುಡ್ಡು ಕೊಟ್ಟ ಮೇಲೆ. ಮತ್ತೆ ಎಕ್ಸ್‌ಪಿ ಹಾಕಿಸಿದ ಹಳೆ ಯಂತ್ರ ಮಾತ್ರ ಇನ್ನೂ ಮೂಲೆಯಲ್ಲಿದೆ, ನೆಟ್ ಕೊಟ್ಟಿಲ್ಲ. ಹಳೆ ತಂತ್ರಾಂಶದ ಡಾಂಗಲ್ ಸಿಕ್ಕಿಸುವ ಅಗಲದ ಪ್ರಿಂಟರ್ ಪೋರ್ಟ್ ಇರುವುದು ಅದಕ್ಕೊಂದಕ್ಕೇ. ಉಪ್ಪುಗಾಳಿಗೆ ಹೆದರಿ ಮಳೆಗಾಲದಲ್ಲಿ ವಾರಕ್ಕೊಮ್ಮೆ ಚಾಲೂ ಮಾಡಿ, ಅರ್ಧ ಗಂಟೆ ಬಿಟ್ಟು ಆಫ್ ಮಾಡುತ್ತೇನೆ.